ಕಾಲಿಗೆ ಬುದ್ಧಿ ಹೇಳುವ ಕೆಲಸ

ಡುಲೂತ್ ಬಂದರಿನ ಮೇಲುಗಡೆ, ಗುಡ್ಡದ ಓಣಿಯಲ್ಲಿ
ಬೆಳಗ್ಗೆ ಏಳಕ್ಕೆ ನಾನೇ ದೀಪ ಹಾಕುತ್ತೇನೆ.
ಹಿಡಿದು ನಡೆಯುವ ಜೋಡಿ ಸರಳುಗಳನ್ನು ಒರೆಸಿ
ರಬ್ಬರು ಪಟ್ಟಿಗಳನ್ನು ಗೂಟಕ್ಕೆ ನೇತುಹಾಕುತ್ತೇನೆ:
ಹಳದಿ ಮೆದು, ಕಪ್ಪು ಹಟಮಾರಿ.
ಮೂಲೆಯಲ್ಲೊಂದು ಮರದ ಮೆಟ್ಟಿಲು.
ನಾಲ್ಕು ಹತ್ತಬೇಕು, ನಾಲ್ಕು ಇಳಿಯಬೇಕು.
ಮಹಡಿ ಇಲ್ಲ.

ಹದಿನಾಲ್ಕು ವರ್ಷ ಬೇಕರಿಯಲ್ಲಿ ಹಿಟ್ಟು ನಾದಿದ ಕೈ ಇದು.
ಮೂವತ್ತೆಂಟಕ್ಕೆ ಕಾಲೇಜು ಸೇರಿ
ಸ್ನಾಯುಗಳ ಹೆಸರನ್ನೆಲ್ಲ ಒಲೆಯ ಮುಂದೆ ಬಾಯಿಪಾಠ ಮಾಡಿದೆ;
ಆ ವರ್ಷ ಎಷ್ಟು ಬನ್ನು ಸೀದವೋ.
ನೋಡಿ, ಅಳೆದು, ಬರೆಯುವವರು ಡಾಕ್ಟರ್ ಹಾಗನ್.
ಅವರು ಬರೆದದ್ದನ್ನು ಮೈಗೆ ಓದಿ ಹೇಳುವವಳು ನಾನು.
ಯಾರಾದರೂ ‘ಡಾಕ್ಟರೇ’ ಅಂದರೆ
‘ಅಲ್ಲ, ಸಹಾಯಕಿ’ ಅನ್ನುತ್ತೇನೆ, ದಿನಕ್ಕೆ ಆರು ಸಲ.
ಅಭ್ಯಾಸವಾಗಿದೆ.
ಆಗಿಲ್ಲ.

ನನಗೆ ಒಂಬತ್ತಾಗಿದ್ದಾಗ ಅಪ್ಪ
ಕಾಲಿಗೆ ಬುದ್ಧಿ ಹೇಳಿದ.
ಹಿಮದ ಬೂಟು ಬಾಗಿಲ ಬಳಿಯೇ ಉಳಿದಿತ್ತು.
ಈಗ ನಾನೂ ಅದನ್ನೇ ಹೇಳುತ್ತೇನೆ, ಗಂಟೆ ಲೆಕ್ಕದ ಕೂಲಿಗೆ,
ಬೇರೆಯವರ ಕಾಲಿಗೆ:
ಮೊದಲು ಹಿಮ್ಮಡಿ. ಆಮೇಲೆ ಬೆರಳು. ಅವಸರ ಬೇಡ.

ಎಯ್ನಾರ್ ಸಾಲೋ, ಎಪ್ಪತ್ತೊಂದು,
ಅದಿರು ಸಾಗಿಸುವ ಹಡಗುಗಳಲ್ಲಿ ಆಳಾಗಿದ್ದವನು.
ಫೆಬ್ರವರಿಯ ಒಂದು ಬೆಳಗ್ಗೆ ಮೆದುಳಲ್ಲಿ ರಕ್ತ ಹೆಪ್ಪುಗಟ್ಟಿ
ಎಡಗಾಲು ಅವನ ಮಾತು ಕೇಳುವುದನ್ನು ಬಿಟ್ಟಿತು.
‘ಬಾಡಿಗೆ ಕೊಡದೆ ಒಳಗೆ ಕೂತಿದ್ದಾನೆ, ಹಾಳಾದವನು.
ಹೊರಗೆ ಹಾಕೋಣ ಅಂದರೆ ಮನೆಯೇ ಬೀಳತ್ತೆ.’
ಸೊಂಟಕ್ಕೆ ಅಗಲದ ಪಟ್ಟಿ ಬಿಗಿದು
ಬೆನ್ನ ಹಿಂದೆ ಅದನ್ನು ಹಿಡಿದು ನಿಲ್ಲುತ್ತೇನೆ.
ಎಡಗಡೆ, ಅರ್ಧ ಹೆಜ್ಜೆ ಹಿಂದೆ.
ಅದು ನನ್ನ ಜಾಗ,
ಪಾಠದ ಪುಸ್ತಕದಲ್ಲೂ, ಸಂಬಳದ ಚೀಟಿಯಲ್ಲೂ.

ವಿಮೆಯವರು ಹದಿನೆಂಟು ಸಲ ಎಂದಿದ್ದರು.
ಏಳನೆಯ ಸಲ ಅವನು ಅತ್ತ.
ಹನ್ನೊಂದನೆಯ ಸಲ ನನಗೆ ಬೈದ, ಫಿನ್ನಿಶ್‌ನಲ್ಲಿ;
ನಮ್ಮಜ್ಜಿಯಿಂದ ಕಲಿತಿದ್ದ ನಾಲ್ಕು ಮಾತಿನಲ್ಲಿ
ಮೂರು ಅವೇ ಆಗಿದ್ದವು. ನಕ್ಕೆ.
ಹದಿನಾರನೆಯ ಸಲ ಮೆಟ್ಟಿಲು ಹತ್ತಿದ.
ಒಂದು. ಎರಡು. ಉಸಿರು. ಮೂರು.
ನಾಲ್ಕನೆಯದರ ಮೇಲೆ ನಿಂತುಬಿಟ್ಟ.
‘ಇಳೀಬೇಕು’ ಅಂದೆ. ಇಳಿಯಲಿಲ್ಲ.
‘ಉಪ್ಪುನೀರಿನ ಹಡಗು’ ಅಂದ, ‘ಖಾಲಿ ಬಂದಿದೆ.
ನೀರಿಂದ ಎಷ್ಟು ಮೇಲೆದ್ದಿದೆ ನೋಡು.’
ಅಲ್ಲಿ ನಿಂತರೆ
ಕಿಟಕಿಯ ಮೇಲಂಚಿನಲ್ಲಿ ಸರೋವರ ಕಾಣುತ್ತದಂತೆ.
ಆರು ವರ್ಷ ಆ ಮೆಟ್ಟಿಲು ಒರೆಸಿದ್ದೇನೆ.
ನಾನಿದ್ದದ್ದು ಎರಡನೆಯದರ ಮೇಲೆ,
ಕಣ್ಣು ಅವನ ಮೊಣಕಾಲಿನ ಮೇಲೆ.

ಬರೆದೆ: ಮೆಟ್ಟಿಲು, ನಾಲ್ಕು. ಕಂಬಿ, ಒಂದು ಕಡೆ. ನೆರವು, ಅಲ್ಪ.
ರೋಗಿ ಚಿಕಿತ್ಸೆಯನ್ನು ಚೆನ್ನಾಗಿ ತಾಳಿಕೊಂಡರು.
ಹಡಗಿಗೆ ಅಲ್ಲಿ ಕಾಲಮ್ಮು ಇರಲಿಲ್ಲ.
ಮರುವಾರ ಬಿದ್ದ; ಅಲ್ಲ, ಬೀಳಹೋದ,
ನನ್ನ ಹೆಬ್ಬೆರಳು ಉಳುಕಿತು.
ಅದನ್ನೂ ಬರೆಯಲಿಲ್ಲ.

ಹದಿನೆಂಟು ಮುಗಿಯಿತು. ಕೈ ಕುಲುಕಿದ, ಹೋದ.
ಅವನ ಹೊತ್ತಿಗೆ ಈಗ ಒಬ್ಬ ಶಾಲೆ ಹುಡುಗಿ, ಹಾಕಿ ಆಟದ ಮಂಡಿ.

ಅಕ್ಟೋಬರಿನಲ್ಲೊಂದು ಸಂಜೆ, ದಿನಸಿ ಅಂಗಡಿಯಲ್ಲಿ,
ಹೆಪ್ಪುಗಟ್ಟಿದ ಬಟಾಣಿಯ ಪೆಟ್ಟಿಗೆಗಳ ಸಾಲಿನಲ್ಲಿ
ಮುಂದೊಂದು ಗಾಡಿ, ಅದಕ್ಕೆ ಜೋತ ಬೆನ್ನು,
ನೆಲ ತುಸು ಗೀಚುವ ಎಡಗಾಲು.
ಹಿಮ್ಮಡಿ, ಬೆರಳು. ಹಿಮ್ಮಡಿ, ಬೆರಳು.
ಕೂಗಬಹುದಿತ್ತು.
ತಿರುಗಿದರೆ ತೂಕ ತಪ್ಪುತ್ತದೆ ಅವನಿಗೆ, ನನಗೆ ಗೊತ್ತು.
ಟೀ ಡಬ್ಬಗಳು ದಾಟಿದವು, ಬ್ರೆಡ್ಡು ದಾಟಿತು.
ನಾನು ಕೊಳ್ಳಬೇಕಿದ್ದದ್ದು ಬರೀ ಹಾಲು, ಅದು ಆ ಕಡೆ ಇತ್ತು.
ಎಡಗಡೆ, ಅರ್ಧ ಹೆಜ್ಜೆ ಹಿಂದೆ ನಡೆಯುತ್ತಿದ್ದೆ,
ಬಲಗೈ ಸೊಂಟದೆತ್ತರಕ್ಕೆ ಎದ್ದು, ಬೆರಳು ಮಡಚಿ,
ಅಲ್ಲಿಲ್ಲದ ಪಟ್ಟಿಯನ್ನು ಹಿಡಿದಿತ್ತು.